ಎರೆ ಹೊಲಕ್ಕೆ ಇಳಿಯುವ ಥಾರ್‌ಗೆ ವಿಂಚ್ ಬೇಕೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. 2022ರ ಡೀಸೆಲ್ ಥಾರ್ ಇದೆ, ಮ್ಯಾನ್ಯುಯಲ್ ಗೇರ್, ಕಂಪನಿ ಕೊಟ್ಟ ಟೈರುಗಳೇ ಇವೆ. ಡಾಂಬರು ರಸ್ತೆಯಿಂದ ಹೊಲಕ್ಕೆ ಒಂದೂವರೆ ಕಿಲೋಮೀಟರ್ ಬಂಡಿ ಜಾಡು, ಪೂರ್ತಿ ಎರೆ. ಚನ್ನಗಿರಿ ಹತ್ತಿರ ಮಾವನವರ ಅಡಿಕೆ ತೋಟಕ್ಕೂ ಆಗಾಗ ಹೋಗಬೇಕು. ಹೋದ ಮಳೆಗಾಲದಲ್ಲಿ ಗಾಡಿ ಹೂತಾಗ ಪಕ್ಕದ ಹೊಲದವರ ಟ್ರ್ಯಾಕ್ಟರ್‌ನಿಂದ ಎಳೆಸಿದೆವು, ಸ್ಟೀರಿಂಗಿನ ಟೈ ರಾಡ್ ಬಾಗಿತು. ಈಗ ಅಂಗಡಿಯವರು ಕಬ್ಬಿಣದ ಬಂಪರ್ ಸಮೇತ 9,500 ಪೌಂಡ್ ಎಳೆತದ ವಿಂಚ್ (ಬ್ಯಾಟರಿ ಮೋಟಾರಿನಿಂದ ಹಗ್ಗ ಸುತ್ತಿಕೊಂಡು ಹೂತ ಗಾಡಿ ಎಳೆಯುವ ಯಂತ್ರ) ಹಾಕಿಸಿಕೊಳ್ಳಿ ಎನ್ನುತ್ತಾರೆ. ಸ್ನೇಹಿತರೊಬ್ಬರು ತಮ್ಮ ಹಳೇ ವಿಂಚನ್ನು ಅರ್ಧ ಬೆಲೆಗೆ ಕೊಡ್ತೀನಿ ಅಂದಿದ್ದಾರೆ. ಹಾಕಿಸಲೇ, ಬೇರೆ ಏನಾದರೂ ಸಾಕಾಗುತ್ತದೆಯೇ?

ಉತ್ತರ: ನೀವು ಬರೆದಿರುವ ಎರಡು ದಾರಿಗಳಿಗೆ ವಿಂಚ್ ಬೇಡ, ಸದ್ಯಕ್ಕಂತೂ ಬೇಡ. ಆ ದುಡ್ಡಿನ ಒಂದು ಭಾಗ ಟೈರಿಗೆ, ಇನ್ನೊಂದು ಭಾಗ ಸರಿಯಾದ ಎಳೆಯುವ ಕೊಂಡಿ ಮತ್ತು ಹಗ್ಗಕ್ಕೆ ಹೋಗಲಿ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾಳೆ ನಿಮ್ಮ ದಾರಿ ಬದಲಾದರೆ ಉತ್ತರವೂ ಬದಲಾಗಬಹುದು.

ವಿಂಚ್ ಕೊಳ್ಳುವವರು ಎಷ್ಟು ಪೌಂಡ್, ಯಾವ ಕಂಪನಿ, ಉಕ್ಕಿನ ಹಗ್ಗವೋ ಸಿಂಥೆಟಿಕ್ ಹಗ್ಗವೋ ಎಂದು ಕೇಳುತ್ತಾರೆ. ಅದರ ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ ಎಂದು ಅಂಗಡಿಯವರೂ ಕೇಳುವುದಿಲ್ಲ. ಸಾಮಾನ್ಯ ವಿಂಚಿನಲ್ಲಿ 25ರಿಂದ 28 ಮೀಟರ್ ಹಗ್ಗ ಇರುತ್ತದೆ. ನಿಮ್ಮ ಬಂಡಿ ಜಾಡಿನಲ್ಲಿ ಒಮ್ಮೆ ನಡೆದು ನೋಡಿ. ಗಾಡಿ ಹೂಳುವ ಜಾಗದಿಂದ ಅಷ್ಟು ದೂರದೊಳಗೆ, ಅದೂ ಹೆಚ್ಚು ಕಡಿಮೆ ನೇರಕ್ಕೆ, ತೊಡೆಗಿಂತ ದಪ್ಪದ ಜೀವಂತ ಮರ ಎಷ್ಟು ಸಿಗುತ್ತವೆ? ಜಗಳೂರು, ಚಳ್ಳಕೆರೆ ಕಡೆಯ ಎರೆ ಬಯಲಲ್ಲಿ ಸಿಗುವುದು ಬಳ್ಳಾರಿ ಜಾಲಿಯ ಪೊದೆ, ಬೇಲಿಯ ಕಲ್ಲುಕಂಬ, ಕರೆಂಟ್ ಕಂಬ. ಜಾಲಿಯ ಒಂದೊಂದು ಕೊಂಬೆ ಸಿಗಿಯುತ್ತದೆ. ಕಲ್ಲುಕಂಬ ನೆಲದೊಳಗೆ ಎರಡಡಿ ಇದ್ದರೆ ಹೆಚ್ಚು, ಎಳೆದ ಕೂಡಲೇ ಒರಗಿ ಗಾಡಿಯ ಕಡೆಗೇ ಬರುತ್ತದೆ. ಕರೆಂಟ್ ಕಂಬದ ಮಾತೇ ಬೇಡ, ತಂತಿ ಕೆಳಗೆ ಬಂದರೆ ಹೂತ ಗಾಡಿ ಚಿಕ್ಕ ಸಮಸ್ಯೆಯಾಗುತ್ತದೆ. ಆಧಾರ ಇಲ್ಲದ ಕಡೆ ವಿಂಚ್ ಎಂದರೆ ಮುಂಭಾಗದಲ್ಲಿ ಹೊತ್ತುಕೊಂಡು ತಿರುಗುವ ತೂಕ, ಅಷ್ಟೇ.

ಸ್ಟೆಪ್ನಿಯನ್ನು ಹೂತು ಅದನ್ನೇ ಆಧಾರ ಮಾಡಿಕೊಳ್ಳಬಹುದು ಎಂದು ಯಾರಾದರೂ ಹೇಳಿಯಾರು. ಮಾಡಬಹುದು, ನಿಜ. ಸುಮಾರು ಎರಡೂವರೆ ಅಡಿ ಆಳದ ಗುಂಡಿ ತೋಡಿ, ಗಾಡಿಯ ಕಡೆಯ ಗೋಡೆಯನ್ನು ನೆಟ್ಟಗೆ ಕಡಿದು, ರಿಮ್ಮಿನ ನಡುವೆ ಹಾರೆ ಅಡ್ಡ ಕೊಟ್ಟು ಪಟ್ಟಿ ಸುತ್ತಿ, ಹಗ್ಗ ಹೊರಬರಲು ಕಿರಿದಾದ ಇಳಿಜಾರು ಸೀಳು ಬಿಡಬೇಕು. ಒಣ ನೆಲದಲ್ಲಿ ಇದು ಹಿಡಿಯುತ್ತದೆ. ನೆನೆದ ಎರೆಯಲ್ಲಿ ಆ ನೆಟ್ಟನೆಯ ಗೋಡೆಯೇ ಕುಸಿದು ಸ್ಟೆಪ್ನಿ ಮೇಲೆದ್ದು ಬರುತ್ತದೆ. ಗಾಡಿ ಹೂಳುವುದು ನೆಲ ನೆನೆದಾಗ ತಾನೇ?

ಈಗ ಲೆಕ್ಕಕ್ಕೆ ಬರೋಣ. ಇಬ್ಬರು ಜನ, ಡೀಸೆಲ್, ಸಾಮಾನು ಸೇರಿ ನಿಮ್ಮ ಥಾರ್ 2,000 ಕೆ.ಜಿ. ಎಂದಿಟ್ಟುಕೊಳ್ಳಿ. ಗಟ್ಟಿ ರಸ್ತೆಯಲ್ಲಿ ಉರುಳಿಸಲು ತೂಕದ 25ನೇ ಒಂದು ಭಾಗದ ಎಳೆತ ಸಾಕು, ಅಂದರೆ 80 ಕೆ.ಜಿ. ಮೆತ್ತನೆಯ ಒಣ ಮರಳಿಗೆ ಕಾಲು ಭಾಗ, ತೆಳು ಕೆಸರಿಗೆ ಮೂರನೇ ಒಂದು ಭಾಗ, ಅಂಟು ಜೇಡಿಗೆ ಅರ್ಧ. ಚಕ್ರ ಹಬ್‌ವರೆಗೆ (ನಡುಗುಂಬದವರೆಗೆ) ಹೂತರೆ ಹೆಚ್ಚುಕಡಿಮೆ ಪೂರ್ತಿ ತೂಕದಷ್ಟೇ ಎಳೆಯಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಇಳಿದು ಹೊಟ್ಟೆ ನೆಲಕ್ಕೆ ಕೂತರೆ ಅದರ ಎರಡು ಪಟ್ಟು, 4,000 ಕೆ.ಜಿ. ಏರು ಇದ್ದರೆ ಪ್ರತಿ ಡಿಗ್ರಿಗೆ ತೂಕದ 60ನೇ ಒಂದು ಭಾಗ ಸೇರಿಸಿ. 15 ಡಿಗ್ರಿ ಏರಿಗೆ 500 ಕೆ.ಜಿ. ಹೆಚ್ಚುವರಿ. ಇವು ಸೇನೆಯವರು ಹೂತ ವಾಹನಗಳನ್ನು ಎಳೆಯುವಾಗ ಬಳಸುವ ಅಂದಾಜು ಸೂತ್ರಗಳು, ತಕ್ಕಡಿ ತೂಕವಲ್ಲ. ಆದರೆ ಒಂದು ವಿಷಯ ಅವುಗಳಿಂದ ಸ್ಪಷ್ಟವಾಗುತ್ತದೆ: ಹಬ್‌ವರೆಗೆ ಹೂತ ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ತೆಗೆದರೆ 2,000 ಕೆ.ಜಿ. ಎಳೆತ 1,000ಕ್ಕೋ 700ಕ್ಕೋ ಇಳಿಯುತ್ತದೆ. ಸಲಿಕೆಗಿಂತ ಅಗ್ಗದ ವಿಂಚ್ ಇನ್ನೂ ಯಾರೂ ಮಾಡಿಲ್ಲ.

ಎರೆಯ ಗುಣ ನಿಮಗೆ ಗೊತ್ತಿದ್ದದ್ದೇ. ಆದರೂ ಟೈರಿನ ದೃಷ್ಟಿಯಿಂದ ಒಮ್ಮೆ ನೋಡಿ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕಾರು ಸುತ್ತಿಗೇ ಹಲ್ಲು ಮುಚ್ಚಿ ಟೈರು ನುಣ್ಣಗಾಗುತ್ತದೆ. ಆಮೇಲೆ ಫೋರ್ ವೀಲ್ ಡ್ರೈವ್ ಇದ್ದರೂ ನಾಲ್ಕೂ ನುಣ್ಣನೆಯ ಚಕ್ರಗಳೇ ತಿರುಗುವುದು. ಮೊದಲ ಮಳೆಗೆ ಮೇಲಿನ ಮೂರ್ನಾಲ್ಕು ಇಂಚು ಮಾತ್ರ ರಾಡಿ, ಕೆಳಗೆ ಗಟ್ಟಿ. ಆಗ ಗಾಡಿ ಜಾರುತ್ತದೆ, ಹೂಳುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಡಿ ಹಿಡಿದು ನೆಲ ಆಳಕ್ಕೆ ನೆನೆದ ಮೇಲೆ ಹೂಳುತ್ತದೆ. ಆದ್ದರಿಂದ ಹರಗಲು ಬರುವ ಹದಕ್ಕೆ ನೆಲ ಬರುವ ತನಕ ಜಾಡಿಗೆ ಇಳಿಯಬೇಡಿ. ಎತ್ತಿಗೆ ಹದವಿಲ್ಲದ ನೆಲ ಎರಡು ಟನ್ ಗಾಡಿಗೂ ಹದವಲ್ಲ. ಇಳಿಯಲೇಬೇಕಾದರೆ ಟ್ರ್ಯಾಕ್ಟರ್ ಜಾಡಿನಲ್ಲೇ ಚಕ್ರ ಇಡಬೇಡಿ. ಟ್ರ್ಯಾಕ್ಟರ್ ಹಿಂದಿನ ಚಕ್ರ ಕೊರೆದ ಗುಣಿ ನಿಮ್ಮ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರಕ್ಕಿಂತ ಆಳವಿದ್ದರೆ ನಡುವಿನ ದಿಬ್ಬಕ್ಕೆ ಹೊಟ್ಟೆ ಕೂರುತ್ತದೆ, ನಾಲ್ಕು ಚಕ್ರವೂ ಗಾಳಿಯಲ್ಲಿದ್ದ ಹಾಗೆ ತಿರುಗುತ್ತವೆ.

ಮೊದಲು ಟೈರು. ಕಂಪನಿಯಿಂದ ಬಂದ ಟೈರು ಸಾಧಾರಣ ಹೆದ್ದಾರಿ ಮಾದರಿಯದಾಗಿದ್ದರೆ ಅದೇ ಅಳತೆಯಲ್ಲಿ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಹಾಕಿಸಿ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರಿನ ಅಗಲ ಸಂದಿಗಳು ಎರೆಯನ್ನು ಇನ್ನೂ ಚೆನ್ನಾಗಿ ಉದುರಿಸುತ್ತವೆ, ಸುಳ್ಳಲ್ಲ. ಆದರೆ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿತ ಕಡಿಮೆ, ಸದ್ದು ಹೆಚ್ಚು, ಬೇಗ ಸವೆಯುತ್ತದೆ. ನಿಮ್ಮ ಗಾಡಿ ಬಹುಪಾಲು ಓಡುವುದು ಡಾಂಬರಿನ ಮೇಲೆಯೇ. ಅದಕ್ಕಿಂತ ಮುಖ್ಯವಾದದ್ದು ಗಾಳಿ. ಜಾಡಿಗೆ ಇಳಿಯುವ ಮುಂಚೆ ನಾಲ್ಕೂ ಟೈರನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ. ಟೈರಿನ ತಳ ಉದ್ದವಾಗಿ ಹರಡುತ್ತದೆ, ಹಲ್ಲುಗಳು ಬಾಗಿ ಮಣ್ಣು ಕಳಚುತ್ತದೆ. ಮರಳಾದರೆ 15ರವರೆಗೂ ಹೋಗಬಹುದು. ಗಾಳಿ ಇಳಿಸಿದ ಮೇಲೆ ಗಂಟೆಗೆ 30 ಕಿಲೋಮೀಟರ್ ದಾಟಬೇಡಿ, ಸ್ಟೀರಿಂಗ್ ಗಕ್ಕನೆ ತಿರುಗಿಸಬೇಡಿ, ಟೈರು ರಿಮ್ಮಿನಿಂದ ಕಳಚಬಹುದು. ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಿ. ಇದಕ್ಕೆ ಬ್ಯಾಟರಿಗೇ ಕ್ಲಿಪ್ ಹಾಕುವ 12 ವೋಲ್ಟ್ ಕಂಪ್ರೆಸರ್ ಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕದನ್ನು ತಂದರೆ ಇಷ್ಟು ದೊಡ್ಡ ಟೈರು ತುಂಬುವಷ್ಟರಲ್ಲಿ ಅದು ಕಾದು ನಿಲ್ಲುತ್ತದೆ, ಇಲ್ಲ ಫ್ಯೂಸ್ ಹೋಗುತ್ತದೆ.

ಹೂತ ಮೇಲೆ ಏನು ಮಾಡಬೇಕು? ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತು ಎಂದು ಗೊತ್ತಾದ ಕ್ಷಣ ಆಕ್ಸಿಲೇಟರ್ ಬಿಡಿ. ಟೈ ರಾಡ್ ಬಾಗುವ, ಕ್ಲಚ್ ಸುಡುವ ಕಥೆಯೆಲ್ಲ ಶುರುವಾಗುವುದು ‘ಇನ್ನೊಂದು ಸಲ ಒತ್ತಿ ನೋಡೋಣ’ ಎನ್ನುವಲ್ಲಿ. ಇಳಿದು ನೋಡಿ. ಹೊಟ್ಟೆ ಕೂತಿದೆಯೋ ಇಲ್ಲವೋ ಕೈ ಹಾಕಿ ತಿಳಿಯಿರಿ. ಕೂತಿದ್ದರೆ ಮೊದಲು ಅಡಿಯ ದಿಬ್ಬ ಕೆರೆಯಿರಿ, ಮುಖ್ಯವಾಗಿ ಅಚ್ಚಿನ ನಡುವೆ ಉಬ್ಬಿರುವ ಡಿಫರೆನ್ಷಿಯಲ್ ಗುಂಡಿನ ಮುಂದಿನ ಮಣ್ಣು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಸಾಮಾನ್ಯವಾಗಿ ಸುಲಭ, ಯಾಕೆಂದರೆ ಆ ನೆಲ ನಿಮ್ಮನ್ನು ಅಲ್ಲಿಯವರೆಗೆ ಹೊತ್ತಿದೆ. ಹೋಗುವ ದಿಕ್ಕಿಗೆ ಪ್ರತಿ ಚಕ್ರದ ಎದುರು ಎರಡಡಿ ಉದ್ದದ ಇಳಿಜಾರು ಕಡಿಯಿರಿ. ಮಡ್‌ಗಾರ್ಡ್ ಒಳಗೆ ಮೆತ್ತಿದ ಮಣ್ಣನ್ನೂ, ಟೈರಿನ ಸಂದಿಯದನ್ನೂ ಕೋಲಿನಿಂದ ಬಿಡಿಸಿ. ಆಮೇಲೆ ಟ್ರ್ಯಾಕ್ಷನ್ ಬೋರ್ಡನ್ನು (ಹೂತ ಚಕ್ರಕ್ಕೆ ಹಿಡಿತ ಕೊಡುವ ಹಲ್ಲಿನ ಪ್ಲಾಸ್ಟಿಕ್ ಹಲಗೆ) ಚಕ್ರದ ಅಡಿಗೆ ತುದಿ ತೂರುವ ಹಾಗೆ, ಮಟ್ಟಸವಾಗಿ ಹೊಂದಿಸಿ. ಬೋರ್ಡು ನಿಂತ ಕೋನದಲ್ಲಿದ್ದರೆ ಚಕ್ರ ಅದನ್ನು ಹತ್ತುವುದಿಲ್ಲ, ಅಡಿಗೆ ನುಂಗಿ ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಆ ಕಡೆ ಯಾರೂ ನಿಲ್ಲಬಾರದು. ನಾಲ್ಕೂ ಚಕ್ರ ನಿಧಾನಕ್ಕೆ, ಹೆಚ್ಚು ಬಲದಿಂದ ತಿರುಗುವ ಫೋರ್ ಲೋ ಹಾಕಿ. ಮುಂದಕ್ಕೆ ಹೋಗುವುದಾದರೆ ಎರಡನೇ ಗೇರು, ಹಿಂದಕ್ಕಾದರೆ ರಿವರ್ಸ್. ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ ಐಡಲ್‌ಗಿಂತ ಸ್ವಲ್ಪ ಮೇಲಷ್ಟೇ. ಚಕ್ರ ಜೋರಾಗಿ ತಿರುಗಿದರೆ ಬೋರ್ಡಿನ ಪ್ಲಾಸ್ಟಿಕ್ ಹಲ್ಲುಗಳೇ ಕರಗಿ ಬೋಳಾಗುತ್ತವೆ. ಗಾಡಿ ಮೇಲೆ ಬಂದ ಮೇಲೆ ಅಲ್ಲೇ ನಿಲ್ಲಿಸಿ ಬೋರ್ಡು ಹುಡುಕಬೇಡಿ. ಗಟ್ಟಿ ನೆಲ ಸಿಗುವ ತನಕ ಹೋಗಿ, ಆಮೇಲೆ ನಡೆದು ಬನ್ನಿ. ಬೋರ್ಡಿಗೆ ಬಣ್ಣದ ದಾರ ಕಟ್ಟಿದ್ದರೆ ಕೆಸರಿನಲ್ಲಿ ಹುಡುಕುವುದು ತಪ್ಪುತ್ತದೆ.

ಜಾಕ್ ಬೇಕಾದರೆ ಬಾಟಲ್ ಜಾಕ್ ಸಾಕು, ಆದರೆ ಅದರಡಿಗೆ ಒಂದಡಿ ಚದರದ ದಪ್ಪ ಹಲಗೆ ಇರಲೇಬೇಕು. ಇಲ್ಲದಿದ್ದರೆ ಗಾಡಿ ಏಳುವ ಬದಲು ಜಾಕೇ ನೆಲಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ತೋರಿಸುವ ಉದ್ದನೆಯ ಹೈ ಲಿಫ್ಟ್ ಜಾಕ್ ಪ್ಲಾಸ್ಟಿಕ್ ಬಂಪರಿನ ಗಾಡಿಗೆ ಹೊಂದುವುದಿಲ್ಲ. ಅದರ ಹಿಡಿಕೆ ಜಾರಿ ದವಡೆಗೆ ಬಡಿದರೆ ಆಸ್ಪತ್ರೆ ಖರ್ಚು ಬೇರೆ. ಬಿಡಿ.

ಟ್ರ್ಯಾಕ್ಟರ್ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಕಡೆ ನಿಜವಾದ ವಿಂಚ್ ಅದೇ. ಹೂತ ಅರ್ಧ ಗಂಟೆಯಲ್ಲಿ ಒಂದು ಟ್ರ್ಯಾಕ್ಟರ್ ಸಿಗದ ಹೊಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಯಲ್ಲಿ ಕಡಿಮೆ. ನಿಮ್ಮ ಟೈ ರಾಡ್ ಬಾಗಲು ಟ್ರ್ಯಾಕ್ಟರ್ ಕಾರಣವಲ್ಲ, ಹಗ್ಗ ಕಟ್ಟಿದ ಜಾಗ ಕಾರಣ. ಬಂಪರಿನ ಅಡಿಗೆ ಬಗ್ಗಿದಾಗ ಕೈಗೆ ಮೊದಲು ಸಿಗುವ ಅಡ್ಡ ಸರಳು ಟೈ ರಾಡ್ ಅಥವಾ ಸಸ್ಪೆನ್ಷನ್ ತೋಳು. ಸ್ಟೀರಿಂಗ್ ತಿರುಗಿಸಲು ಮಾಡಿದ ಸರಳಿಗೆ ಎರಡು ಟನ್ ಎಳೆತ ಬಿದ್ದರೆ ಬಾಗದೆ ಏನು ಮಾಡೀತು? ಮಾಲೀಕರ ಕೈಪಿಡಿಯಲ್ಲಿ ಎಳೆಯುವ ಕೊಂಡಿ ಎಲ್ಲಿದೆ ಎಂದು ಚಿತ್ರ ಇರುತ್ತದೆ. ಈಗಲೇ ನೋಡಿ, ಗಾಡಿಯಲ್ಲಿ ಗುರುತು ಮಾಡಿಕೊಳ್ಳಿ. ಲಾರಿಯಲ್ಲಿ ಸಾಗಿಸುವಾಗ ಬಿಗಿಯಲು ಇಟ್ಟ ತೆಳು ಕಣ್ಣಿಗಳು ಬೇರೆ, ಎಳೆಯುವ ಕೊಂಡಿ ಬೇರೆ. ಹೆಚ್ಚು ಸಲ ಹೂಳುವ ಗಾಡಿಯಾದರೆ ಚಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) 10.9 ದರ್ಜೆಯ ಬೋಲ್ಟ್‌ಗಳಲ್ಲಿ ಕೂರುವ, ಭಾರದ ಗುರುತು ಕೊರೆದಿರುವ ರಿಕವರಿ ಕೊಂಡಿಯನ್ನು ಮುಂದೆ ಎರಡು, ಹಿಂದೆ ಒಂದು ಹಾಕಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಬಂಪರಿಗೆ ಅಂಟಿಸಿದ ಬಳೆ ಬೇಡವೇ ಬೇಡ.

ಟ್ರ್ಯಾಕ್ಟರ್ ಕಡೆಯ ತುದಿ ಇನ್ನೂ ಮುಖ್ಯ. ಹಗ್ಗವನ್ನು ಡ್ರಾಬಾರ್‌ಗೇ ಕಟ್ಟಬೇಕು, ಅಂದರೆ ಟ್ರೈಲರ್ ಸಿಕ್ಕಿಸುವ ಸರಳಿಗೆ, ಹಿಂದಿನ ಅಚ್ಚಿನ ನಡುಮಟ್ಟಕ್ಕಿಂತ ಕೆಳಗೆ. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಮ್ಮಗ್ಗುಲಾಗಿ ಚಾಲಕನ ಮೇಲೇ ಮಗುಚುತ್ತದೆ, ಕ್ಲಚ್ ತುಳಿಯುವಷ್ಟು ಹೊತ್ತೂ ಸಿಗುವುದಿಲ್ಲ. ಹೈಡ್ರಾಲಿಕ್ ತೋಳಿಗೆ ಹಾಕಿದ ಹಿಚ್ ಪಟ್ಟಿಯನ್ನು ಎತ್ತಿದ್ದರೂ ಅಪಾಯ ಅದೇ. ‘ಅಣ್ಣಾ, ಡ್ರಾಬಾರ್‌ಗೆ ಕಟ್ಟಣ, ಲೋ ಗೇರಲ್ಲಿ ನಿಧಾನಕ್ಕೆ ಬಿಡು, ಜಗ್ಗಬ್ಯಾಡ’ ಎಂದು ಮೊದಲೇ ಹೇಳಿ. ಹಗ್ಗ ಬಿಗಿಯಾದ ಮೇಲೆ ಎಳೆತ ಏರಬೇಕು. ಸಡಿಲ ಬಿಟ್ಟು ಓಡಿ ಜಗ್ಗುವುದರಿಂದಲೇ ಸರಪಳಿ ಹರಿಯುತ್ತದೆ, ಹರಿದ ಸರಪಳಿ ಗಾಜು ಒಡೆದು ಒಳಗೆ ಬರುತ್ತದೆ. ಬಾವಿಗೆ ಬಳಸುವ ನೈಲಾನ್ ಹಗ್ಗದಲ್ಲಿ ಭಾರದ ಗುರುತೇ ಇರುವುದಿಲ್ಲ. ಗಂಟು ಹಾಕಿದ ಕಡೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ಬಿಗಿದ ಗಂಟು ಆಮೇಲೆ ಬಿಚ್ಚುವುದೂ ಇಲ್ಲ.

ಆದ್ದರಿಂದ ನಿಮ್ಮ ಗಾಡಿಯಲ್ಲಿ ನಿಮ್ಮದೇ ಹಗ್ಗ ಇರಲಿ. ಟ್ರ್ಯಾಕ್ಟರ್‌ನಿಂದ ನಿಧಾನಕ್ಕೆ ಎಳೆಸಲು ಎರಡೂ ತುದಿಗೆ ಹೊಲಿದ ಕಣ್ಣು ಇರುವ, ಹಿಗ್ಗದ ಪಟ್ಟಿ, 8 ಟನ್ ಮುರಿಯುವ ಬಲದ್ದು, 9 ಮೀಟರ್. ಇನ್ನೊಂದು ಜೀಪಿನಿಂದ ಎಳೆಸುವ ಸಂದರ್ಭ ಇದ್ದರೆ ಹಿಗ್ಗುವ ಕೈನೆಟಿಕ್ ಹಗ್ಗ. 19 ಮಿ.ಮೀ. ದಪ್ಪದ್ದು ನಿಮ್ಮ ತೂಕಕ್ಕೆ ಹೊಂದುತ್ತದೆ. ಇದು ಉದ್ದದ ಶೇಕಡಾ 20ರಿಂದ 30ರಷ್ಟು ಹಿಗ್ಗಿ ಶಕ್ತಿ ಹಿಡಿದು ಬಿಡುತ್ತದೆ. ಎಳೆಯುವ ಗಾಡಿ ಒಂದೆರಡು ಮೀಟರ್ ಸಡಿಲ ಬಿಟ್ಟು ಗಂಟೆಗೆ 8-10 ಕಿಲೋಮೀಟರ್ ವೇಗದಲ್ಲಿ ಹೋದರೆ ಸಾಕು. ಹಗ್ಗವನ್ನು ಕೊಂಡಿಗೆ ಸೇರಿಸುವ ಪಿನ್ನಿನ ಉಕ್ಕಿನ ಬಳೆ, ಅಂದರೆ ಶ್ಯಾಕಲ್ ಎರಡು, ಮೈಮೇಲೆ 4.75 ಟನ್ ಎಂದು ಅಚ್ಚಾಗಿರುವಂಥವು. ಪಿನ್ ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಳ್ಳುತ್ತದೆ. ಎರಡು ಹಗ್ಗ ಜೋಡಿಸಲು ನಡುವೆ ಕಬ್ಬಿಣದ ಶ್ಯಾಕಲ್ ಹಾಕಬೇಡಿ. ಹಗ್ಗ ಹರಿದರೆ ಅದು ಗುಂಡಿನಂತೆ ಹಾರುತ್ತದೆ. ಅಲ್ಲಿಗೆ ಹಗ್ಗದ್ದೇ ಆದ ಸಾಫ್ಟ್ ಶ್ಯಾಕಲ್. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಿಸಿ. ಹೊಲದಲ್ಲಿ ಗಾಡಿ ಹೂತರೆ ಊರೇ ನೋಡಲು ಬರುತ್ತದೆ, ಮಕ್ಕಳು ಹಗ್ಗದ ಪಕ್ಕದಲ್ಲೇ ನಿಲ್ಲುತ್ತಾರೆ. ಮೊದಲು ಅವರನ್ನು ಕಳಿಸಿ, ಆಮೇಲೆ ಗೇರು.

ಚನ್ನಗಿರಿಯ ತೋಟದ ಪರಿಸ್ಥಿತಿ ಬೇರೆ. ಅಲ್ಲಿ ಮರಗಳಿವೆ, ಆದರೆ ಅಡಿಕೆ ಮರ ಆಧಾರವಲ್ಲ. ತಾಯಿಬೇರಿಲ್ಲದ ನಾರುಬೇರಿನ ಮರ, ನೀರು ನಿಂತ ತೋಟದಲ್ಲಿ ಬುಡ ಸಮೇತ ಅಲುಗುತ್ತದೆ. ಬೀಳದಿದ್ದರೂ ಬೇರು ಸಡಿಲವಾದ ಮರ ಮುಂದೆ ಕೈಕೊಡುತ್ತದೆ, ಮಾವನವರ ಮುಂದೆ ಉತ್ತರ ಹೇಳಬೇಕಾದವರು ನೀವು. ಬದುವಿನ ಹುಣಸೆ, ಮಾವು, ಬೇವು, ಹೊಂಗೆ ಹುಡುಕಿ. ಮೂರು ಇಂಚು ಅಗಲದ ನೇಯ್ದ ಪಟ್ಟಿಯನ್ನು ಮರಕ್ಕೆ ಆದಷ್ಟು ಬುಡದಲ್ಲಿ ಸುತ್ತಿ. ತೋಟದಲ್ಲಿ ಸಾಮಾನ್ಯವಾಗಿ ಆಗುವುದು ಹೂಳುವುದಲ್ಲ, ಒಂದು ಬದಿಯ ಚಕ್ರ ಬಸಿಗಾಲುವೆಗೆ ಜಾರುವುದು. ಅದಕ್ಕೆ ಜಾಕಿನಿಂದ ಎತ್ತಿ ಕಲ್ಲು ತುಂಬುವುದೇ ಸರಿಯಾದ ದಾರಿ. ಚಕ್ರದಡಿ ಅಡಿಕೆ ಹಾಳೆ ಹಾಕಬೇಡಿ, ಒದ್ದೆಯಾದರೆ ಸೋಪಿನಷ್ಟು ಜಾರುತ್ತದೆ. ಹಾಗೆಯೇ ಸೂಳೆಕೆರೆ ಅಂಚಿಗೆ ಗಾಡಿ ಇಳಿಸುವ ಆಸೆ ಬಂದರೆ ತಡೆದುಕೊಳ್ಳಿ. ನೀರು ಹಿಂದೆ ಸರಿದ ಜಾಗದಲ್ಲಿ ಮೇಲೆ ಬಿರುಕು ಬಿಟ್ಟ ಒಣ ಪದರ, ಕೆಳಗೆ ಹೂಳು. ಅಲ್ಲಿ ಹೂತರೆ ಕಟ್ಟಲು ಮರವಿಲ್ಲ, ಬಂದ ಟ್ರ್ಯಾಕ್ಟರೂ ಹೂಳುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರಿಗೂ ಇದೇ ಮಾತು.

ತೋಟಕ್ಕೆ ನಿಜಕ್ಕೂ ಉಪಯೋಗವಾಗುವ ಒಂದು ಸಾಮಾನಿದೆ: ಕೈಯಿಂದ ಹಿಡಿಕೆ ಆಡಿಸಿ ಉಕ್ಕಿನ ಹಗ್ಗ ಎಳೆಯುವ ಯಂತ್ರ. ಕಂಬ ನಿಲ್ಲಿಸುವವರು, ಕಟ್ಟಡದ ಕೆಲಸದವರು ಇದನ್ನು ಟಿರ್ಫರ್ ಅಥವಾ ಪುಲ್ಲಿಂಗ್ ಮಷಿನ್ ಎನ್ನುತ್ತಾರೆ. 1.6 ಟನ್ ಎಳೆಯುವಂಥದು ಒಬ್ಬರು ಹೊರುವಷ್ಟೇ ತೂಕ. ಸ್ನ್ಯಾಚ್ ಬ್ಲಾಕ್ ಎಂಬ ರಾಟೆಯೊಂದನ್ನು ಆಧಾರಕ್ಕೆ ಕಟ್ಟಿ ಹಗ್ಗವನ್ನು ಗಾಡಿಗೆ ಹಿಂದಿರುಗಿಸಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟು, ಸುಮಾರು 3 ಟನ್. ವೇಗ ಮಾತ್ರ ಅರ್ಧ, ಬೆವರು ದುಪ್ಪಟ್ಟು. ಬ್ಯಾಟರಿ ಬೇಡ, ಬಂಪರ್ ಬೇಡ, ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಗಾಡಿಯ ಮೂತಿಗೆ ಕೂತ ವಿಂಚಿಗೆ ಆ ಕೊನೆಯ ಎರಡು ಸುಲಭವಲ್ಲ. ಬಿದ್ದ ಮರ ಸರಿಸಲೂ ಆಗುತ್ತದೆ. ನಿಮ್ಮ ಜಾಗದಲ್ಲಿ ವಿಂಚ್ ಬದಲು ಇದನ್ನೇ ಆರಿಸುತ್ತೇನೆ.

ಹಾಗಾದರೆ ವಿಂಚ್ ಯಾರಿಗೆ? ಒಂಟಿ ಗಾಡಿಯಲ್ಲಿ, ಫೋನ್ ಸಿಗ್ನಲ್ ಇಲ್ಲದ, ಟ್ರ್ಯಾಕ್ಟರ್ ಬಾರದ, ಆದರೆ ಮರ ಅಥವಾ ದೊಡ್ಡ ಬಂಡೆ ಇರುವ ಏರುದಾರಿಗೆ ಪದೇ ಪದೇ ಹೋಗುವವರಿಗೆ. ಮಲೆನಾಡಿನ ಎಸ್ಟೇಟ್ ದಾರಿ, ಮಳೆಗಾಲದ ಆಫ್‌ರೋಡ್ ಕೂಟ, ಇಂಥವು. ಚಿತ್ರದುರ್ಗದ ಕಡೆ ಬಂಡೆಗೇನೂ ಬರವಿಲ್ಲ, ಆದರೆ ಗ್ರಾನೈಟಿನ ಚೂಪಂಚು ಪಟ್ಟಿಯನ್ನು ಕೊಯ್ಯುತ್ತದೆ. ಹಳೇ ಟೈರಿನ ತುಂಡು ಅಡ್ಡ ಕೊಡಬೇಕು. ಜೋಗಿಮಟ್ಟಿ, ರಂಗಯ್ಯನದುರ್ಗ ಎರಡೂ ವನ್ಯಧಾಮಗಳು, ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಅದಕ್ಕೆಂದು ವಿಂಚ್ ಕೊಳ್ಳುವ ಮಾತೂ ಇಲ್ಲ.

ಹಾಕಿಸುವ ದಿನ ಬಂದರೆ ಗಾತ್ರ ಹೀಗೆ ಲೆಕ್ಕ ಹಾಕಿ: ಗಾಡಿಯ ಪೂರ್ತಿ ಭಾರದ ತೂಕದ ಒಂದೂವರೆ ಪಟ್ಟು. ಥಾರ್‌ಗೆ 8,000ದಿಂದ 9,500 ಪೌಂಡ್ ಸರಿಯಾಗಿದೆ, ಅಂಗಡಿಯವರ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ 9,500 ಪೌಂಡ್, ಅಂದರೆ 4,300 ಕೆ.ಜಿ., ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಾಗ. ಹಗ್ಗವೆಲ್ಲ ಸುತ್ತಿಕೊಂಡು ಮೇಲಿನ ಪದರದಲ್ಲಿ ಎಳೆಯುವಾಗ ಸುಮಾರು ಶೇಕಡಾ 60 ಉಳಿಯುತ್ತದೆ. ಪೂರ್ತಿ ಭಾರದಲ್ಲಿ ಮೋಟಾರು 400 ಆಂಪಿಯರ್ ಹತ್ತಿರ ಕುಡಿಯುತ್ತದೆ, ಅಷ್ಟು ಕೊಡಲು ಆಲ್ಟರ್ನೇಟರ್‌ಗೆ ಆಗುವುದಿಲ್ಲ. ಹಾಗಾಗಿ ಎಂಜಿನ್ ಓಡುತ್ತಿರಲಿ, ಅರ್ಧ ನಿಮಿಷ ಎಳೆದು ಒಂದೆರಡು ನಿಮಿಷ ಬಿಡಿ. ವಿಂಚ್ ಮತ್ತು ಕಬ್ಬಿಣದ ಬಂಪರ್ ಸೇರಿ ಮುಂದಿನ ಅಚ್ಚಿನ ಮೇಲೆ ಸುಲಭವಾಗಿ 70-80 ಕೆ.ಜಿ. ಏರುತ್ತದೆ. ಮೂತಿ ಬಗ್ಗುತ್ತದೆ, ಸ್ಪ್ರಿಂಗ್ ಬದಲಿಸಬೇಕಾಗಬಹುದು. ಬಂಪರಿನದು ಕಾನೂನಿನ ತೊಡಕೂ ಹೌದು: 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಅನಧಿಕೃತ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದ ಮೇಲೆ. ಏರ್‌ಬ್ಯಾಗ್ ಸೆನ್ಸರ್ ಕೆಲಸಕ್ಕೂ ಅದು ಅಡ್ಡಿಯಾಗಬಹುದು. ಬೇಕೇ ಬೇಕೆಂದರೆ ಮೂಲ ಬಂಪರಿನ ಹಿಂದೆ ಚಾಸಿಗೆ ಕೂರುವ ವಿಂಚ್ ತಟ್ಟೆ ನೋಡಿ, ಆರ್‌ಟಿಒ ಮತ್ತು ವಿಮೆಯವರನ್ನು ಮೊದಲೇ ಕೇಳಿ.

ಸ್ನೇಹಿತರ ಹಳೇ ವಿಂಚ್ ಬಗ್ಗೆ. ಅರ್ಧ ಬೆಲೆ ಎಂದು ಮನಸ್ಸು ಮಾಡುವ ಮುಂಚೆ ಅವರ ಗಾಡಿಯಲ್ಲಿ ಇರುವಾಗಲೇ ಪರೀಕ್ಷಿಸಿ. ವಿಂಚಿನ ಕ್ಲಚ್ ಬಿಡಿಸಿ ಹಗ್ಗ ಕೈಯಿಂದ ಎಳೆಯಿರಿ, ಕಚ್ಚಿಕೊಂಡರೆ ಒಳಗೆ ಗ್ರೀಸ್ ಒಣಗಿದೆ, ಇಲ್ಲವೇ ನೀರು ಹೋಗಿದೆ. ಹಗ್ಗವನ್ನು ಪೂರ್ತಿ ಬಿಚ್ಚಿಸಿ, ಕೊನೆಯ ಸುತ್ತುಗಳನ್ನೂ ನೋಡಿ. ಉಕ್ಕಿನದಾದರೆ ಮುಳ್ಳು ಎದ್ದ ಎಳೆ, ಸಿಂಥೆಟಿಕ್ ಆದರೆ ಡ್ರಮ್ಮಿನ ಹತ್ತಿರ ಕರಗಿ ಹೊಳೆಯುವ ಜಾಗ ಇದ್ದರೆ ಹಗ್ಗ ಮುಗಿದ ಹಾಗೆ. ಎರೆಮಣ್ಣಿನ ಹರಳು ಎಳೆಗಳ ನಡುವೆ ಸೇರಿ ಒಳಗಿನಿಂದ ಕೊಯ್ದಿರುತ್ತದೆ, ಕೈಯಲ್ಲಿ ಹಿಸುಕಿದರೆ ಗರಗರ ಎನ್ನುತ್ತದೆ. ರಿಮೋಟ್ ಒತ್ತಿದಾಗ ಟಕ್ ಎಂದು ಸದ್ದು ಬಂದು ಮೋಟಾರು ತಿರುಗದಿದ್ದರೆ ಮೋಟಾರಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಹೋಗಿರಬಹುದು, ಅದು ಬದಲಿಸಬಹುದಾದದ್ದು. ಕೊನೆಗೆ ವಿಂಚಿನ ಬ್ರೇಕ್: ಡಾಂಬರಿನ ಏರಿನಲ್ಲಿ ಗಟ್ಟಿ ಮರಕ್ಕೆ ಕಟ್ಟಿ, ಡ್ರಮ್ಮಿನ ಮೇಲೆ ಕನಿಷ್ಠ ಎಂಟು-ಹತ್ತು ಸುತ್ತು ಉಳಿಸಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಬ್ರೇಕ್ ಪೆಡಲ್ ಮೇಲೆ ಕಾಲು ಸಿದ್ಧವಾಗಿಟ್ಟು ಕೂತಿರುವಾಗ, ಐದು ಮೀಟರ್ ಎಳೆಸಿ ನಿಲ್ಲಿಸಿ. ಚಕ್ರದ ಹತ್ತಿರ ಸುಣ್ಣದಿಂದ ಗೆರೆ ಹಾಕಿ ಐದು ನಿಮಿಷ ಬಿಡಿ. ಗಾಡಿ ಗೆರೆಯಿಂದ ಒಂದು ಗೇಣು ಜಾರಿದರೂ ಆ ವಿಂಚನ್ನು ಯಾವ ಬೆಲೆಗೂ ತರಬೇಡಿ.